ಕೊನೆಯ ದೃಶ್ಯವನ್ನು ತಡೆಹಿಡಿಯಿರಿ: ಕ್ರಿಸ್‌ಮಸ್ ಜಾಹೀರಾತುಗಳಿಂದ ಇಂಗ್ಲಿಷ್ ಕಲಿಸುವ ಬಗೆ

ಬ್ರಿಟನ್ನಿನಲ್ಲಿ ನವೆಂಬರ್ ಬಂದಿತೆಂದರೆ ದೊಡ್ಡ ಅಂಗಡಿಗಳು ಕ್ರಿಸ್‌ಮಸ್‌ಗೆಂದೇ ತಯಾರಿಸಿದ ಟಿ.ವಿ. ಜಾಹೀರಾತುಗಳನ್ನು ಹೊರತರುತ್ತವೆ. ಅವುಗಳಲ್ಲಿ ಜಾನ್ ಲೂಯಿಸ್ ಮಳಿಗೆಯ ಜಾಹೀರಾತುಗಳಿಗೆ ಅಲ್ಲಿನ ಜನ ಹೊಸ ಸಿನಿಮಾಕ್ಕೆ ಕಾಯುವಂತೆ ಕಾಯುತ್ತಾರೆ. ಒಂದೂವರೆ, ಎರಡು ನಿಮಿಷದಲ್ಲಿ ಮುಗಿಯುವ ಒಂದು ಪೂರ್ಣ ಕಥೆ, ಹಿನ್ನೆಲೆಯಲ್ಲಿ ಒಂದು ಹಾಡು, ಕೊನೆಯಲ್ಲಿ ಪರದೆಯ ಮೇಲೆ ಒಂದೇ ಒಂದು ಸಾಲು. ಹೆಚ್ಚಿನವುಗಳಲ್ಲಿ ಪಾತ್ರಗಳ ನಡುವೆ ಮಾತುಕತೆಯೇ ಇರುವುದಿಲ್ಲ. ಮಾತೇ ಇಲ್ಲದ ಚಿತ್ರದಿಂದ ಭಾಷೆಯನ್ನು ಕಲಿಸುವುದು ಹೇಗೆಂದು ಸಹೋದ್ಯೋಗಿಗಳು ಕೇಳುವುದುಂಟು. ಪರದೆಯ ಮೇಲಿನವರು ಮೌನವಾಗಿರುವುದರಿಂದಲೇ ತರಗತಿಯಲ್ಲಿ ಕುಳಿತವರು ಮಾತನಾಡಬೇಕಾಗುತ್ತದೆ ಎಂಬುದು ನನ್ನ ಉತ್ತರ.

ಮೊದಲ ಪಾಠಕ್ಕೆ 2011ರ ‘ದ ಲಾಂಗ್ ವೇಟ್’ ಜಾಹೀರಾತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪುಟ್ಟ ಹುಡುಗನೊಬ್ಬ ಕ್ರಿಸ್‌ಮಸ್ ಎಂದು ಬರುವುದೋ ಎಂದು ಚಡಪಡಿಸುತ್ತಾನೆ. ಗಡಿಯಾರವನ್ನೇ ನೋಡುತ್ತ ಕೂರುತ್ತಾನೆ, ಜಾದೂಗಾರನ ವೇಷ ತೊಟ್ಟು ಕಾಲವನ್ನು ಓಡಿಸಲು ನೋಡುತ್ತಾನೆ, ಹಬ್ಬದ ಹಿಂದಿನ ರಾತ್ರಿ ಊಟವನ್ನು ಗಬಗಬನೆ ಮುಗಿಸಿ ಹಾಸಿಗೆಗೆ ಓಡುತ್ತಾನೆ. ಬೆಳಗ್ಗೆ ಎದ್ದವನು ತನಗಾಗಿ ಇಟ್ಟಿರುವ ಉಡುಗೊರೆಗಳನ್ನು ದಾಟಿಕೊಂಡು ಹೋಗಿ, ತಾನೇ ಹೇಗೆ ಹೇಗೋ ಸುತ್ತಿಟ್ಟಿದ್ದ ಪೊಟ್ಟಣವನ್ನು ಹೊರತೆಗೆದು ಅಪ್ಪ ಅಮ್ಮನ ಹಾಸಿಗೆಯ ಬಳಿಗೆ ಒಯ್ಯುತ್ತಾನೆ. ಅವನು ಇಷ್ಟು ದಿನ ಕಾದದ್ದು ಪಡೆಯುವುದಕ್ಕಲ್ಲ, ಕೊಡುವುದಕ್ಕೆ. ಈ ತಿರುವು ಮಕ್ಕಳಿಗೆ ಮೊದಲೇ ತಿಳಿಯಬಾರದು. ನಾನು ಮೊದಲ ಸಲ ಇದನ್ನು ಒಂಬತ್ತನೆಯ ತರಗತಿಗೆ ತೋರಿಸಿದಾಗ ಹಾಡಿನ ಸಮೇತ ಪೂರ್ತಿ ಓಡಿಸಿಬಿಟ್ಟೆ. ಮಕ್ಕಳು ಮೆಚ್ಚಿ ನೋಡಿದರು; ಆದರೆ ಊಹಿಸುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ ನನ್ನ ಪ್ರಶ್ನೆಗಳಿಗೆ ಒಂದೊಂದು ಪದದ ಉತ್ತರ ಬಂದಿತೇ ಹೊರತು ಒಂದು ಪೂರ್ಣ ವಾಕ್ಯವೂ ಬರಲಿಲ್ಲ.

ಆದ್ದರಿಂದ ಮೊದಲು ಶಬ್ದವನ್ನು ನಿಲ್ಲಿಸಿ. ಹಾಡು ಕೇಳಿಸಿದರೆ ಮಕ್ಕಳ ಗಮನ ಅದರ ಪದಗಳನ್ನು ಹಿಡಿಯುವುದರ ಕಡೆಗೆ ಹರಿದು ಚಿತ್ರ ಕೈತಪ್ಪುತ್ತದೆ. ಹುಡುಗ ಗಡಿಯಾರ ನೋಡುವಲ್ಲಿ ಚಿತ್ರವನ್ನು ತಡೆದು, ಅವನು ಏನು ಮಾಡುತ್ತಿದ್ದಾನೆಂದು ಇಂಗ್ಲಿಷಿನಲ್ಲಿ ಕೇಳಿ. ‘ಹೀ ಲುಕಿಂಗ್ ಕ್ಲಾಕ್’ ಎಂಬ ಉತ್ತರ ಬಂದೇ ಬರುತ್ತದೆ. ಆಗ ಕರಿಹಲಗೆಯ ಮೇಲೆ ‘ನೋಡುತ್ತಿದ್ದಾನೆ’ ಎಂದು ಬರೆದು, ಅದನ್ನು ‘ನೋಡುತ್ತ’, ‘ಇದ್ದಾನೆ’ ಎಂದು ಬಿಡಿಸಿ ತೋರಿಸಿ: ‘ಲುಕಿಂಗ್’ ಎಂಬುದು ‘ನೋಡುತ್ತ’ ಮಾತ್ರ, ‘ಇದ್ದಾನೆ’ ಎಂಬುದಕ್ಕೆ ‘ಈಸ್’ ಬೇಕೇ ಬೇಕು. ಕನ್ನಡದಲ್ಲಿ ಎರಡೂ ಸಂಧಿಯಾಗಿ ಒಂದೇ ಪದದಲ್ಲಿ ಅಡಗಿರುವುದರಿಂದಲೇ ಮಕ್ಕಳು ಅದನ್ನು ಬಿಡುತ್ತಾರೆ. ಗುಟ್ಟು ತಿಳಿದ ಮೇಲೆ ತಾವೇ ತಿದ್ದಿಕೊಳ್ಳುತ್ತಾರೆ. ‘ಎ’ ಮತ್ತು ‘ದ’ಗಳ ಗೊಂದಲಕ್ಕೂ ಅಜ್ಜಿಕಥೆಯಲ್ಲೇ ಪರಿಹಾರವಿದೆ. ‘ಒಂದೂರಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ...’ ಎನ್ನುವಾಗಿನ ‘ಒಬ್ಬ’ ಮತ್ತು ‘ಆ’ಗಳನ್ನು ನೆನಪಿಸಿ, ಮೊದಲ ವಾಕ್ಯದಲ್ಲಿ ‘ಎ ಬಾಯ್’, ಎರಡನೆಯದರಲ್ಲಿ ‘ದ ಬಾಯ್’ ಎಂದು ಹೇಳಿಸಿ.

ಜಾದೂ ವೇಷದ ದೃಶ್ಯದಲ್ಲಿ ಅವನು ಎಷ್ಟು ದಿನದಿಂದ ಕಾಯುತ್ತಿರಬಹುದೆಂದು ಕೇಳಿ. ‘ಇಪ್ಪತ್ತು ದಿನದಿಂದ’, ‘ಸೋಮವಾರದಿಂದ’ ಎಂಬೆರಡಕ್ಕೂ ನಮ್ಮಲ್ಲಿ ‘ಇಂದ’ ಒಂದೇ ಪ್ರತ್ಯಯ ಸಾಕಾಗುವುದರಿಂದ ‘ಫ್ರಮ್ ಟ್ವೆಂಟಿ ಡೇಸ್’ ಎನ್ನುವವರೇ ಹೆಚ್ಚು. ಕಾಲದ ಅಳತೆಗೆ ‘ಫಾರ್’, ಆರಂಭದ ದಿನಕ್ಕೆ ‘ಸಿನ್ಸ್’ ಎಂದು ಹೇಳಿ, ‘ಹೀ ಹ್ಯಾಸ್ ಬೀನ್ ವೇಟಿಂಗ್’ ಎಂಬ ರೂಪವನ್ನು ಇಲ್ಲಿಯೇ ಕಲಿಸಬಹುದು. ಕಾಯುವಿಕೆಯೇ ಕಥೆಯಾಗಿರುವ ಈ ಜಾಹೀರಾತಿಗಿಂತ ಅದಕ್ಕೆ ತಕ್ಕ ಸಂದರ್ಭವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಹುಡುಗ ಬೆಳಗ್ಗೆ ಕಣ್ಣು ಬಿಡುವ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಮುಂದೇನೆಂಬುದನ್ನು ಪ್ರತಿಯೊಬ್ಬರೂ ‘ಗೋಯಿಂಗ್ ಟು’ ಬಳಸಿ ಬರೆಯಲಿ. ಐದು ನಿಮಿಷ ಕೊಡಿ, ಅವಸರ ಮಾಡಬೇಡಿ. ಬಹುತೇಕ ಎಲ್ಲರೂ ಅವನು ಉಡುಗೊರೆ ಬಿಚ್ಚುತ್ತಾನೆಂದೇ ಬರೆಯುತ್ತಾರೆ. ಆಮೇಲೆ ಶಬ್ದದೊಂದಿಗೆ ಕೊನೆಯವರೆಗೆ ತೋರಿಸಿ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ವರ್ಷವಿಡೀ ಇಂಗ್ಲಿಷಿನಲ್ಲಿ ಬಾಯಿ ತೆರೆಯದಿದ್ದವಳು, ತನ್ನ ವಾಕ್ಯವನ್ನು ಹೊಡೆದುಹಾಕಿ ಎದ್ದು ನಿಂತು ‘ನೋ ಮಿಸ್, ಹೀ ಈಸ್ ಗಿವಿಂಗ್!’ ಎಂದಳು. ಆ ಎರಡನೆಯ ವಾಕ್ಯವನ್ನು ನಾನು ಕಲಿಸಿರಲಿಲ್ಲ, ಕಥೆ ಹೇಳಿಸಿತು.

ಕೊನೆಯ ಸಾಲು ‘ಫಾರ್ ಗಿಫ್ಟ್ಸ್ ಯು ಕಾಂಟ್ ವೇಟ್ ಟು ಗಿವ್’ ಎಂದಿದೆ. ಪದಕ್ಕೆ ಪದ ಇಟ್ಟರೆ ‘ಕಾಯಲಾರೆ’ ಎಂದಾಗಿ, ಬೇಸತ್ತು ಎದ್ದುಹೋಗುವವನ ಮಾತಿನಂತೆ ಕೇಳುತ್ತದೆ. ಅದರ ಭಾವ ನಮ್ಮ ‘ಯಾವಾಗ ಕೊಟ್ಟೇನೋ’ ಎಂಬುದರಲ್ಲಿದೆ. ಇದನ್ನು ವಿವರಿಸಿದ ಮೇಲೆ ಪ್ರತಿಯೊಬ್ಬರೂ ತಮ್ಮ ಹಬ್ಬದ ಬಗ್ಗೆ ‘ಐ ಕಾಂಟ್ ವೇಟ್ ಟು’ ಎಂದು ಆರಂಭವಾಗುವ ಮೂರು ವಾಕ್ಯ ಬರೆಯಲಿ. ಯುಗಾದಿ, ರಂಜಾನ್, ಊರ ಜಾತ್ರೆ, ಯಾವುದಾದರೂ ಸರಿ. ಮಂಗಳೂರು ಕಡೆಯ ಕ್ರೈಸ್ತ ಮನೆಗಳ ಮಕ್ಕಳು ತರಗತಿಯಲ್ಲಿದ್ದರೆ, ಕುಸ್ವಾರ್ ತಿಂಡಿಗಳನ್ನೂ ಗೋದಲಿಯನ್ನೂ ವಿವರಿಸುವ ಕೆಲಸವನ್ನು ಅವರಿಗೇ ವಹಿಸಿ.

ಎರಡನೆಯ ವಾರಕ್ಕೆ 2015ರ ‘ಮ್ಯಾನ್ ಆನ್ ದ ಮೂನ್’ ಹೊಂದುತ್ತದೆ. ದೂರದರ್ಶಕದಲ್ಲಿ ಚಂದ್ರನ ಮೇಲಿನ ಒಂಟಿ ಮುದುಕನನ್ನು ಕಂಡ ಹುಡುಗಿ, ಹೇಗಾದರೂ ಅವನನ್ನು ತಲುಪಲು ಯತ್ನಿಸಿ, ಕೊನೆಗೆ ಬಲೂನುಗಳಿಗೆ ಕಟ್ಟಿ ಅವನಿಗೂ ಒಂದು ದೂರದರ್ಶಕವನ್ನು ಕಳಿಸುತ್ತಾಳೆ. ಇದಕ್ಕೆ ಇಬ್ಬಿಬ್ಬರನ್ನು ಜೊತೆ ಮಾಡಿ. ಒಬ್ಬರು ಪರದೆಯ ಕಡೆಗೆ ಮುಖ ಮಾಡಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಲಿ, ಬೆನ್ನು ತಿರುಗಿಸಿ ಕುಳಿತವರು ಕೇಳಿ ಚಿತ್ರ ಬರೆಯಲಿ, ಅರ್ಧಕ್ಕೆ ಸ್ಥಾನ ಬದಲಿಸಲಿ. ವೃದ್ಧರ ಒಂಟಿತನದ ಕಡೆಗೆ ಗಮನ ಸೆಳೆಯಲು ಏಜ್ ಯುಕೆ ಎಂಬ ಸೇವಾಸಂಸ್ಥೆಯೂ ಇದರ ಜೊತೆಗಿತ್ತು. ಮನೆಯಲ್ಲಿ ಒಬ್ಬರೇ ಇರುವ ಅಜ್ಜನಿಗೋ ಅಜ್ಜಿಗೋ ಕಾಗದ ಬರೆಯುವ ಅಭ್ಯಾಸಕ್ಕೆ ಇಲ್ಲಿಂದ ಸುಲಭವಾಗಿ ಸಾಗಬಹುದು.

ಪಿಯುಸಿ ವಿದ್ಯಾರ್ಥಿಗಳಾದರೆ ಸೇನ್ಸ್‌ಬರಿಸ್ ಅಂಗಡಿಯ 2014ರ ಜಾಹೀರಾತನ್ನು ತೋರಿಸಿ. 1914ರ ಕ್ರಿಸ್‌ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕಗಳಿಂದ ಹೊರಬಂದು ಕೈಕುಲುಕಿದ ನಿಜಘಟನೆಯನ್ನು ಆಧರಿಸಿದ ಈ ಕಥೆ ಚಾಕೊಲೇಟಿನ ಸುತ್ತ ಹೆಣೆದದ್ದು. ಆ ಚಾಕೊಲೇಟನ್ನು ಅಂಗಡಿಯಲ್ಲಿ ಮಾರಿ ಬಂದ ಲಾಭವನ್ನು ಮಾಜಿ ಸೈನಿಕರ ನೆರವಿನ ಸಂಸ್ಥೆಯಾದ ರಾಯಲ್ ಬ್ರಿಟಿಷ್ ಲೀಜನ್‌ಗೆ ಕೊಡಲಾಯಿತು. ಯುದ್ಧದ ನೋವನ್ನು ವ್ಯಾಪಾರಕ್ಕೆ ಬಳಸಿದರೆಂಬ ಟೀಕೆಯೂ ಬಂದಿತು. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪು ಅದನ್ನು ಸಮರ್ಥಿಸಲಿ, ಇನ್ನೊಂದು ವಿರೋಧಿಸಲಿ. ವಾದದ ನಡುವೆ ವ್ಯಾಕರಣ ತಪ್ಪಿದರೆ ಆಗಲೇ ತಡೆಯದೆ, ತಪ್ಪುಗಳನ್ನು ಚೀಟಿಯಲ್ಲಿ ಗುರುತು ಮಾಡಿಕೊಂಡು, ಹೆಸರು ಹೇಳದೆ ಮರುದಿನದ ಪೀರಿಯಡ್‌ನಲ್ಲಿ ಕರಿಹಲಗೆಯ ಮೇಲೆ ತಿದ್ದಿ.