ಅಪ್ಪ ಜೈಲಲ್ಲಿದ್ರೆ ಮಗುವಿಗೆ ಎಂತ ಹೇಳುದು, ಹೇಗೆ ನೋಡ್ಕೊಳ್ಳುದು

ಮೊದ್ಲು, "ಅಪ್ಪ ದುಬೈಗೆ ಹೋಗಿದ್ದಾರೆ" ಅಂತ ಹೇಳ್ಬೇಡಿ. ನಮ್ಮ ಮಂಗಳೂರು, ಉಡುಪಿ ಕಡೆ ಈ ಸುಳ್ಳು ತಕ್ಷಣ ಬಾಯಿಗೆ ಬರ್ತದೆ. ಆದ್ರೆ ದುಬೈಯಲ್ಲಿರುವ ಅಪ್ಪ ವಾಟ್ಸಾಪಲ್ಲಿ ಮುಖ ತೋರಿಸ್ತಾರೆ, ರಜೆಗೆ ಬರುವಾಗ ಚಾಕ್ಲೇಟ್ ತರ್ತಾರೆ, ಆಚೆಮನೆ ಮಗುವಿಗೆ ಅದೆಲ್ಲ ಸಿಗುದನ್ನು ನೋಡಿ ನಿಮ್ಮ ಮಗು ಅಪ್ಪನಿಗೆ ನಾನು ಬೇಡ ಅಂತ ಅಂದ್ಕೊಳ್ತದೆ, ಕೊನೆಗೆ ಸ್ಕೂಲ್ ವ್ಯಾನಲ್ಲಿ ಯಾರೋ ನಿಜ ಹೇಳಿಬಿಟ್ರೆ ನಿಮ್ಮ ಮೇಲಿನ ನಂಬಿಕೆಯೂ ಹೋಗ್ತದೆ.

ಸಣ್ಣ ಮಗುವಿಗೆ ಇಷ್ಟು ಸಾಕು: "ಅಪ್ಪ ಜೈಲಲ್ಲಿದ್ದಾರೆ, ಕೋರ್ಟಲ್ಲಿ ಕೇಸ್ ನಡೀತಾ ಉಂಟು, ಯಾವಾಗ ಬರ್ತಾರೆ ನಂಗೂ ಗೊತ್ತಿಲ್ಲ, ಇದು ನಿನ್ನಿಂದ ಆದದ್ದಲ್ಲ." ಆ ಕೊನೇ ಮಾತನ್ನು ಆಗಾಗ ಹೇಳಿ, ತಾನು ಹಠ ಮಾಡಿದ್ದಕ್ಕೇ ಹೀಗಾಯ್ತು ಅಂತ ತುಂಬ ಮಕ್ಕಳು ಒಳಗೊಳಗೇ ನಂಬಿರ್ತವೆ.

ಅಮ್ಮ, ಅಜ್ಜಿ, ಅತ್ತೆ ಎಲ್ರೂ ಒಂದೇ ಮಾತು ಹೇಳ್ಬೇಕು. ಗಂಡನ ಮೇಲೆ ನಿಮ್ಗೆ ಸಿಟ್ಟು ಇರ್ತದೆ, ಇರ್ಲಿ, ಆದ್ರೆ "ನಿನ್ನ ಅಪ್ಪನ ಹಾಗೇ ಆಗ್ತಿ" ಅನ್ನುದು ಬೇಡ. ವಕೀಲರ ದುಡ್ಡಿನ ಜಗಳ ಮಗುವಿನ ಕೈಲಿ ಹೇಳಿ ಕಳಿಸ್ಬೇಡಿ. ಸ್ಕೂಲ್ ಬದಲಾಯಿಸುದು, ಮಗುವಿನ ಆಪರೇಶನ್ ಇಂಥದ್ದನ್ನು ಜೈಲಲ್ಲಿರುವ ಅಪ್ಪನಿಗೂ ತಿಳಿಸಿ. ಜೈಲಿಂದ ಫೋನ್ ಬಂದಾಗ ಅಪ್ಪ ಮಗುವಿನತ್ರ ಕೇಸಿನ ಸುದ್ದಿ ಬಿಟ್ಟು ಮಾರ್ಕ್ಸ್, ಆಟ, ಹಲ್ಲು ಬಿದ್ದದ್ದು ಕೇಳ್ಲಿ, ಇದನ್ನು ಅವ್ರಿಗೆ ನೀವೇ ಮೊದ್ಲೇ ಹೇಳಿಡಿ.

ಕೊಡಿಯಾಲ್‌ಬೈಲ್ ಜೈಲಾಗ್ಲಿ ಹಿರಿಯಡ್ಕ ಜೈಲಾಗ್ಲಿ, ಮಗುವನ್ನು ಭೇಟಿಗೆ ಕರ್ಕೊಂಡು ಹೋಗುವ ಹಿಂದಿನ ದಿನವೇ, ಅಲ್ಲಿ ಪೊಲೀಸ್ರು ಇರ್ತಾರೆ, ಬ್ಯಾಗ್ ಚೆಕ್ ಮಾಡ್ತಾರೆ, ಕಾಯ್ಬೇಕು, ಅಪ್ಪನನ್ನು ತಬ್ಬಿಕೊಳ್ಳಲಿಕ್ಕೆ ಆಗದೆಯೂ ಇರ್ಬಹುದು ಅಂತೆಲ್ಲ ಹೇಳಿಡಿ. ಹೊಟ್ಟೆ ತುಂಬ ತಿನ್ನಿಸಿ ಹೊರಡಿ. ವಾಪಸ್ ಬಂದ್ಮೇಲೆ ಮಗು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡ್ರೆ, ಕಿರಿಕಿರಿ ಮಾಡಿದ್ರೆ ಭೇಟಿಯೇ ಬೇಡ ಅಂತ ತೀರ್ಮಾನ ಮಾಡ್ಬೇಡಿ, ಅದು ಅಗಲಿಕೆಯ ಸಂಕಟ, ಬೈಯದೆ ಹತ್ರ ಮಲಗಿಸಿಕೊಳ್ಳಿ. ವಾರಗಟ್ಟಲೆ ಹಾಗೇ ಇದ್ರೆ ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದೂರ ಆಗ್ತದೆ ಅಂದ್ರೆ ಇ-ಮುಲಾಕಾತ್ ವಿಡಿಯೋ ಭೇಟಿ ಸಿಗ್ತದಾ ಜೈಲಲ್ಲಿ ಕೇಳಿ. ಕ್ಲಾಸ್ ಟೀಚರ್‌ ಒಬ್ರಿಗೆ ಮಾತ್ರ ವಿಷ್ಯ ಗೊತ್ತಿದ್ರೆ ಸಾಕು.

ಖರ್ಚಿಗೆ ಕಷ್ಟ ಆದ್ರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಅನ್ನುವ ಸರಕಾರಿ ಯೋಜನೆಯ ಪ್ರಾಯೋಜಕತ್ವ, ಅಂದ್ರೆ ಮಗುವಿನ ಖರ್ಚಿಗೆ ಕೊಡುವ ಸಹಾಯಧನ, ಕೇಳಿ, ಮಂಜೂರಾದ್ರೆ ತಿಂಗಳಿಗೆ 4000 ರೂಪಾಯಿ. ಉಚಿತ ವಕೀಲರು ಬೇಕಿದ್ರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಆದ್ರೆ ಅಪ್ಪ ಮಗುವಿಗೇ ಹೊಡೆದು ಹಿಂಸೆ ಕೊಟ್ಟವ್ರಾದ್ರೆ ಈ ಭೇಟಿಯ ಮಾತೆಲ್ಲ ಬಿಡಿ, ಯಾರು ಒತ್ತಾಯ ಮಾಡಿದ್ರೂ ಮಗುವನ್ನು ಕರ್ಕೊಂಡು ಹೋಗ್ಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಮಕ್ಕಳ ಕಲ್ಯಾಣ ಸಮಿತಿಯವ್ರತ್ರ ಮಾತಾಡಿ.