‘ಎಲ್ಲಿ?’ ಎಂಬ ಒಂದು ಮಾತಿಗೆ ಸಬ್‌ಟೈಟಲ್ ಬರೆದ ಬಗೆ

ಜ್ಯಾಕ್ ಕ್ಲೇಟನ್ ನಿರ್ದೇಶಿಸಿದ 1961ರ ಬ್ರಿಟಿಷ್ ಚಿತ್ರ ‘ದಿ ಇನ್ನೋಸೆಂಟ್ಸ್’ಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆಯಲು ಒಪ್ಪಿಕೊಂಡಾಗ, ಅದರ ಕೊನೆಯ ದೃಶ್ಯದ ಅರ್ಥವೇನೆಂದು ತೀರ್ಮಾನಿಸುವ ಹೊಣೆಯೂ ನನ್ನ ಹೆಗಲಿಗೆ ಬೀಳುತ್ತದೆಂದು ನಾನು ಎಣಿಸಿರಲಿಲ್ಲ. ಸಾಗರದಲ್ಲಿ ತಿಂಗಳಿಗೊಮ್ಮೆ ಹದಿನೈದಿಪ್ಪತ್ತು ಮಂದಿ ಸೇರಿ ಹಳೆಯ ಚಿತ್ರಗಳನ್ನು ನೋಡುವ ನಮ್ಮ ಕೂಟದಲ್ಲಿ ಇಂಗ್ಲಿಷ್ ಸಂಭಾಷಣೆಯನ್ನು ಕಿವಿಯಲ್ಲಿ ಕೇಳಿಯೇ ಅರ್ಥ ಮಾಡಿಕೊಳ್ಳಬಲ್ಲವರು ಕಡಿಮೆ. ಉಳಿದವರಿಗಾಗಿ ಕನ್ನಡದ ಸಾಲುಗಳನ್ನು ಬರೆದು ಕೂರಿಸುವ ಕೆಲಸವನ್ನು ಕೆಲವು ವರ್ಷಗಳಿಂದ ನಾನು ಮಾಡುತ್ತ ಬಂದಿದ್ದೇನೆ. ಚಿತ್ರ ಸುಮಾರು 100 ನಿಮಿಷದ್ದು, ಕಪ್ಪು ಬಿಳುಪಿನದು, ಮಾತಿಗಿಂತ ಮೌನವೇ ಹೆಚ್ಚಾಗಿರುವಂಥದ್ದು. ವಾರದೊಳಗೆ ಮುಗಿದೀತು ಎಂದುಕೊಂಡಿದ್ದೆ. ಕೊನೆಯ ಎರಡು ನಿಮಿಷಕ್ಕೇ ಮೂರು ವಾರ ಬೇಕಾಯಿತು, ಅದೂ ಒಮ್ಮೆ ತಪ್ಪಾಗಿ ಬರೆದು ಎಲ್ಲರೆದುರು ತೋರಿಸಿದ ಮೇಲೆ.

ಕಥೆ ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದಿ ಟರ್ನ್ ಆಫ್ ದಿ ಸ್ಕ್ರೂ’ನಿಂದ ಬಂದದ್ದು. ಅದನ್ನು ವಿಲಿಯಂ ಆರ್ಚಿಬಾಲ್ಡ್ 1950ರಲ್ಲಿ ನಾಟಕವಾಗಿಸಿದ್ದರು, ಚಿತ್ರಕಥೆಗೆ ಅವರ ಜೊತೆ ಟ್ರೂಮನ್ ಕಪೋಟೆ ಕೈಹಾಕಿದರು. ಪಾದ್ರಿಯೊಬ್ಬರ ಮಗಳಾದ ಮಿಸ್ ಗಿಡೆನ್ಸ್ (ಡೆಬೊರಾ ಕೆರ್) ಮೊದಲ ಬಾರಿಗೆ ಕೆಲಸ ಹಿಡಿದು, ಬ್ಲೈ ಎಂಬ ಹಳ್ಳಿಗಾಡಿನ ಬಂಗಲೆಗೆ ಮೈಲ್ಸ್ ಮತ್ತು ಫ್ಲೋರಾ ಎಂಬ ತಬ್ಬಲಿ ಮಕ್ಕಳನ್ನು ನೋಡಿಕೊಳ್ಳಲು ಬರುತ್ತಾಳೆ. ಮಕ್ಕಳ ದೊಡ್ಡ ಮನುಷ್ಯನಾದ ಚಿಕ್ಕಪ್ಪ ಲಂಡನ್ನಿನಲ್ಲಿ. ಅವನಿಗೆ ಯಾವ ರಗಳೆಯೂ ಬೇಡ. ಆ ಮನೆಯಲ್ಲಿ ಹಿಂದೆ ಇದ್ದು ಸತ್ತ ಸೇವಕ ಪೀಟರ್ ಕ್ವಿಂಟ್ ಮತ್ತು ಹಿಂದಿನ ಶಿಕ್ಷಕಿ ಮಿಸ್ ಜೆಸೆಲ್ ಈಗ ಈ ಮಕ್ಕಳ ಮೂಲಕ ತಮ್ಮ ಹಳೆಯ ಸಂಬಂಧವನ್ನು ಮುಂದುವರಿಸುತ್ತಿದ್ದಾರೆ ಎಂಬ ನಂಬಿಕೆ ಅವಳಲ್ಲಿ ಬಲಿಯುತ್ತದೆ. ಕೊನೆಗೆ ಫ್ಲೋರಾಳನ್ನು ಮನೆವಾರ್ತೆಯ ಮಿಸೆಸ್ ಗ್ರೋಸ್ ಜೊತೆ ಕಳುಹಿಸಿಬಿಟ್ಟು, ಮೈಲ್ಸ್ ಒಬ್ಬನನ್ನೇ ಎದುರಿಗೆ ನಿಲ್ಲಿಸಿಕೊಂಡು, ಕ್ವಿಂಟ್‌ನ ಹೆಸರನ್ನು ಅವನ ಬಾಯಿಂದ ಹೊರಡಿಸಲು ಪಟ್ಟು ಹಿಡಿಯುತ್ತಾಳೆ. ಹುಡುಗ ಹೆಸರು ಕೂಗುತ್ತಾನೆ, ‘ಎಲ್ಲಿ?’ ಎಂದು ಕೇಳುತ್ತಾನೆ, ಕುಸಿದು ಬಿದ್ದು ಸಾಯುತ್ತಾನೆ.

ದೆವ್ವಗಳು ನಿಜವೇ, ಇಲ್ಲ ಅವಳ ಮನಸ್ಸಿನ ಸೃಷ್ಟಿಯೇ ಎಂಬ ವಾದ ಮೂಲಕಥೆಯ ಕಾಲದಿಂದಲೂ ಇದೆ. 1934ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ವಿಮರ್ಶಕ, ಎಲ್ಲವೂ ಆ ಶಿಕ್ಷಕಿಯ ಅದುಮಿಟ್ಟ ಆಸೆಗಳ ಫಲವೆಂದು ಬರೆದ ಮೇಲೆ ಓದುಗರು ಎರಡು ಪಂಗಡವಾದರು. ಇದನ್ನು ನಾನು ಮೊದಲೇ ಓದಿದ್ದೆ, ಎರಡಕ್ಕೂ ಜಾಗವಿದೆ ಎಂದು ಜಾಣತನದಿಂದ ನಡುವೆ ನಿಂತಿದ್ದೆ. ನೋಡುಗನಿಗೆ ಹಾಗೆ ನಿಲ್ಲಲು ಅಡ್ಡಿಯಿಲ್ಲ. ಕನ್ನಡದಲ್ಲಿ ಸಾಲು ಬರೆಯಬೇಕಾದವನಿಗೆ ಮಾತ್ರ ಕ್ರಿಯಾಪದ ಬಂದು ಕೈ ಹಿಡಿದು ಕೇಳುತ್ತದೆ: ಯಾವ ಕಡೆ?

ಮೈಲ್ಸ್‌ನ ಕೊನೆಯ ಮಾತು ಮೂರು ತುಂಡು. ಮೊದಲು ಕ್ವಿಂಟ್‌ನ ಹೆಸರು. ಆಮೇಲೆ ‘ಎಲ್ಲಿ’ ಎಂಬ ಪ್ರಶ್ನೆ. ಆ ಪ್ರಶ್ನೆಯ ನಡುವೆ ‘ಪಿಶಾಚಿ’ ಎಂಬ ಬೈಗುಳ. ಇಂಗ್ಲಿಷಿನಲ್ಲಿ ಅಲ್ಲಿ ಕ್ರಿಯಾಪದವಿಲ್ಲ, ‘ನೀನು’ ಮತ್ತು ‘ನೀವು’ ಎರಡಕ್ಕೂ ಒಂದೇ ಪದ. ಆದ್ದರಿಂದ ಹುಡುಗ ಬೈದದ್ದು ಕ್ವಿಂಟ್‌ನನ್ನೋ ತನ್ನನ್ನು ಹಿಡಿದು ಅಲುಗಿಸುತ್ತಿರುವ ಶಿಕ್ಷಕಿಯನ್ನೋ ಎಂದು ಹೇಳಲು ಬರುವುದಿಲ್ಲ. ಕನ್ನಡದಲ್ಲಿ ‘ಎಲ್ಲಿದ್ದೀಯಾ’ ಎಂದರೆ ಹುಡುಗ ಕ್ವಿಂಟ್‌ನನ್ನೇ ಕೂಗಿ ಕರೆಯುತ್ತಿದ್ದಾನೆ, ಅಂದರೆ ಅವನು ಅಲ್ಲಿದ್ದಾನೆಂದು ಹುಡುಗನಿಗೆ ಗೊತ್ತು. ‘ಎಲ್ಲಿದ್ದಾನೆ’ ಎಂದರೆ ಶಿಕ್ಷಕಿಯನ್ನು ಕೇಳುತ್ತಿದ್ದಾನೆ, ಅಂದರೆ ಅವನ ಕಣ್ಣಿಗೆ ಏನೂ ಬಿದ್ದಿಲ್ಲ. ಒಂದು ಪ್ರತ್ಯಯದಲ್ಲಿ ವಿಲ್ಸನ್ ಗೆಲ್ಲುತ್ತಾರೆ, ಇನ್ನೊಂದರಲ್ಲಿ ಸೋಲುತ್ತಾರೆ.

ಮೊದಲ ಸಲ ನಾನು ಇದನ್ನು ಯೋಚಿಸಲೇ ಇಲ್ಲ. ‘ಪೀಟರ್ ಕ್ವಿಂಟ್! ಎಲ್ಲಿದ್ದೀಯೋ, ಪಿಶಾಚಿ?’ ಎಂದು ಬರೆದೆ. ಲಯ ಚೆನ್ನಾಗಿತ್ತು, ಎರಡು ಸೆಕೆಂಡಿನಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದಾಗಿತ್ತು, ಅದಕ್ಕೇ ಹಿಗ್ಗಿದೆ. ಪ್ರದರ್ಶನ ಮುಗಿದು ದೀಪ ಹಾಕಿದಾಗ ಚರ್ಚೆ ಹತ್ತು ನಿಮಿಷ ನಡೆಯಲಿಲ್ಲ. ದೆವ್ವ ಇತ್ತು, ಹೆಸರು ಹೇಳಿಸಿದ್ದಕ್ಕೆ ಸಿಟ್ಟಾಗಿ ಹುಡುಗನನ್ನು ಬಲಿ ತೆಗೆದುಕೊಂಡಿತು, ಪಾಪ ಆ ಹೆಣ್ಣುಮಗಳು ಎಷ್ಟು ಕಷ್ಟಪಟ್ಟಳು ಎಂದು ಎಲ್ಲರೂ ಒಮ್ಮತಕ್ಕೆ ಬಂದು ಚಹಾ ಕುಡಿದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಮಾತ್ರ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, ‘ಆ ಹುಡುಗ ಕೇಳಿದ್ದು ಪ್ರಶ್ನೆ ಕಣ್ರೀ. ನೀವು ಅವನ ಬಾಯಲ್ಲಿ ಉತ್ತರ ಇಟ್ಟುಬಿಟ್ರಲ್ಲ’ ಎಂದರು. ಮನೆಗೆ ಹೋಗುವವರೆಗೂ ಆ ಮಾತು ಬಿಡಲಿಲ್ಲ.

ಮಾರನೆಯ ದಿನದಿಂದ ಚಿತ್ರವನ್ನು ಧ್ವನಿ ಮುಚ್ಚಿ ನೋಡತೊಡಗಿದೆ. ಒಂದು ನೋಟುಪುಸ್ತಕದಲ್ಲಿ ಮೂರು ಕಾಲಂ ಎಳೆದುಕೊಂಡೆ: ದೆವ್ವ ಬರುವ ಪ್ರತಿ ದೃಶ್ಯದಲ್ಲಿ ಮೊದಲು ತೋರಿಸುವುದು ಯಾರನ್ನು, ಅಲ್ಲಿ ಮತ್ತಾರಿದ್ದಾರೆ, ದೃಶ್ಯ ಮುಗಿದ ಮೇಲೆ ಏನು ಉಳಿಯುತ್ತದೆ. ಅರ್ಧ ಪುಟ ತುಂಬುವಷ್ಟರಲ್ಲೇ ಒಂದು ಅಂಶ ಕಾಣತೊಡಗಿತು. ಸಾಮಾನ್ಯವಾಗಿ ಭಯದ ಚಿತ್ರದಲ್ಲಿ ದೆವ್ವ ಮೊದಲು, ಕಿರುಚಾಟ ಆಮೇಲೆ. ಇಲ್ಲಿ ಬಹುಪಾಲು ಮಿಸ್ ಗಿಡೆನ್ಸ್ ಮುಖ ಮೊದಲು ಬರುತ್ತದೆ, ಅವಳ ಕಣ್ಣು ಅಗಲವಾಗುವುದನ್ನು ನಾವು ನೋಡಿದ ಮೇಲೆಯೇ ದೆವ್ವ. ನಾವು ನೋಡುವ ದೆವ್ವ ಅವಳ ಮುಖದ ಮೂಲಕ ಹಾದು ಬಂದದ್ದು.

ತೋಟದ ದೃಶ್ಯ ನೋಡಿ. ಅವಳು ಬಿಳಿ ಗುಲಾಬಿ ಕತ್ತರಿಸುತ್ತಿದ್ದಾಳೆ. ಕಲ್ಲಿನ ಮಗುವಿನ ಬೊಂಬೆಯೊಂದರ ಬಾಯಿಂದ ಕರಿಯ ಹುಳು ಹೊರಬರುತ್ತದೆ. ಹಕ್ಕಿಗಳ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ತಲೆಯೆತ್ತಿದರೆ ಗೋಪುರದ ಮೇಲೆ ಒಬ್ಬ ಗಂಡಸು, ಆದರೆ ಎದುರು ಬಿಸಿಲು ಕಣ್ಣು ಕುಕ್ಕುವುದರಿಂದ ಮುಖ ತಿಳಿಯುವುದಿಲ್ಲ. ಏರಿ ಹೋದರೆ ಅಲ್ಲಿರುವುದು ಮೈಲ್ಸ್ ಮತ್ತು ಪಾರಿವಾಳಗಳು. ಆಮೇಲೆ ಕಣ್ಣಾಮುಚ್ಚಾಲೆ ಆಡುವಾಗ ಅಟ್ಟದ ಮೇಲೆ ಅವಳಿಗೆ ಕ್ವಿಂಟ್‌ನ ಪುಟ್ಟ ಚಿತ್ರವೊಂದು ಸಿಗುತ್ತದೆ. ಸ್ವಲ್ಪ ಹೊತ್ತಿಗೇ ಕಿಟಕಿಯ ಗಾಜಿನಾಚೆ ಆ ಮುಖ ಸ್ಪಷ್ಟವಾಗಿ ಕಾಣುತ್ತದೆ. ಮೂಲಕಥೆಯಲ್ಲಿ ಈ ಚಿತ್ರಪಟವಿಲ್ಲ: ಅಲ್ಲಿ ಎಂದೂ ನೋಡದ ಮನುಷ್ಯನನ್ನು ಅವಳು ವರ್ಣಿಸುತ್ತಾಳೆ, ಮಿಸೆಸ್ ಗ್ರೋಸ್ ಅವನು ಕ್ವಿಂಟ್ ಎಂದು ಗುರುತಿಸುತ್ತಾಳೆ, ದೆವ್ವ ನಿಜವೆನ್ನುವವರಿಗೆ ಅದೇ ದೊಡ್ಡ ಸಾಕ್ಷಿ. ಚಿತ್ರಕಥೆ ಬರೆದವರು ಒಂದು ಪಟವನ್ನು ತಂದಿಟ್ಟು ಆ ಸಾಕ್ಷಿಯ ಕಾಲು ಮುರಿದಿದ್ದಾರೆ. ಬೇಕೆಂದೇ ಮಾಡಿದ್ದು ಎಂದು ನನ್ನ ನಂಬಿಕೆ.

ಹಾಗೆಂದು ಹುಚ್ಚಿನ ಪಕ್ಷಕ್ಕೂ ನೆಮ್ಮದಿಯಿಲ್ಲ. ಪಾಠದ ಕೋಣೆಯಲ್ಲಿ ಮಿಸ್ ಜೆಸೆಲ್ ಮೇಜಿಗೆ ಒರಗಿ ಅಳುತ್ತಿರುತ್ತಾಳೆ, ಮಾಯವಾಗುತ್ತಾಳೆ. ಮಿಸ್ ಗಿಡೆನ್ಸ್ ಹತ್ತಿರ ಹೋಗಿ ಸ್ಲೇಟನ್ನು ಮುಟ್ಟಿದರೆ ಅದರ ಮೇಲೆ ಒಂದು ಹನಿ ಕಣ್ಣೀರು. ಇಡೀ ಚಿತ್ರದಲ್ಲಿ ದೆವ್ವ ಬಿಟ್ಟುಹೋದ ವಸ್ತು ಅದೊಂದೇ. ನನ್ನ ಮೂರನೆಯ ಕಾಲಂನಲ್ಲಿ ಬೇರೆಲ್ಲ ಕಡೆ ‘ಏನೂ ಇಲ್ಲ’, ಇಲ್ಲಿ ಮಾತ್ರ ‘ನೀರು’. ಆ ಹನಿಯನ್ನು ಅವಳೊಬ್ಬಳೇ ನೋಡುತ್ತಾಳೆ ಎಂದು ವಾದಿಸಬಹುದು, ಆದರೆ ನಾವೂ ನೋಡಿದ್ದೇವೆ.

ಈ ಪಟ್ಟಿಯಿಂದ ನೇರವಾಗಿ ಸಿಕ್ಕ ಲಾಭವೆಂದರೆ, ಕಾಣುವುದಕ್ಕೆ ಸಂಬಂಧಿಸಿದ ಕ್ರಿಯಾಪದಗಳನ್ನು ನಾನು ಮೊದಲಿನಿಂದ ತಿದ್ದಿದೆ. ಮೊದಲ ಕರಡಿನಲ್ಲಿ ಮಿಸ್ ಗಿಡೆನ್ಸ್ ಹೇಳುವ ಕಡೆಯೆಲ್ಲ ಒಮ್ಮೆ ‘ಕಾಣಿಸಿಕೊಂಡ’, ಒಮ್ಮೆ ‘ಕಂಡ ಹಾಗಾಯಿತು’, ಒಮ್ಮೆ ‘ನೋಡಿದೆ’ ಎಂದು ಕೈಗೆ ಬಂದಂತೆ ಬರೆದಿದ್ದೆ. ‘ಕಾಣಿಸಿಕೊಂಡ’ ಎಂದರೆ ಬಂದವನಿಗೊಂದು ಇಚ್ಛೆಯಿದೆ, ದೆವ್ವ ತಾನಾಗಿ ಮುಂದೆ ನಿಂತಿದೆ. ‘ಕಂಡ ಹಾಗಾಯಿತು’ ಎಂದರೆ ಅವಳಿಗೇ ಅನುಮಾನವಿದೆ. ಅವಳಿಗೆ ಅನುಮಾನವಿಲ್ಲ, ದೆವ್ವದ ಇಚ್ಛೆ ನಮಗೆ ಗೊತ್ತಿಲ್ಲ. ಹಾಗಾಗಿ ಎಲ್ಲ ಕಡೆ ‘ನೋಡಿದೆ’ ಎಂದೇ ಮಾಡಿದೆ. ಬರಡು ಪದ, ಆದರೆ ನೋಟದ ಹೊಣೆ ನೋಡಿದವಳದ್ದೇ ಆಗಿ ಉಳಿಯುತ್ತದೆ.

ಇನ್ನು ಸಂಬೋಧನೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಟೀಚರನ್ನು ‘ಮಿಸ್’ ಎಂದು ಕರೆಯುವ ರೂಢಿಯಿರುವುದರಿಂದ ಅದು ಸುಲಭವಾಯಿತು. ಕಷ್ಟವಾದದ್ದು ಮೈಲ್ಸ್‌ನ ದೊಡ್ಡವರ ಶೈಲಿ. ಸಣ್ಣ ಹುಡುಗ ಶಿಕ್ಷಕಿಯನ್ನು ಪ್ರಿಯೆಯನ್ನು ಮಾತಾಡಿಸುವ ಗಂಡಸಿನ ಧಾಟಿಯಲ್ಲಿ ಮಾತಾಡಿಸುತ್ತಾನೆ. ಅದು ಬರೀ ಶ್ರೀಮಂತರ ಮನೆಯ ನಯವೋ ಕ್ವಿಂಟ್‌ನ ನಾಲಗೆಯೋ ಎಂಬ ಅನುಮಾನದಲ್ಲೇ ಚಿತ್ರದ ಭಯವಿದೆ. ಅವನಿಗೆ ಉದ್ದಕ್ಕೂ ‘ನೀವು’ ಕೊಟ್ಟೆ. ಗಾಜಿನ ಮನೆಯಲ್ಲಿ ಅವನು ತಿರುಗಿಬಿದ್ದು ಅವಳನ್ನು ಹೊಲಸಾಗಿ ಬೈಯುವಾಗ ‘ನೀನು’ ಎಂದು ಇಳಿಸಲು ಕೈ ತವಕಿಸಿತು. ಇಳಿಸಿದ್ದರೆ ಅದು ಬೇರೊಬ್ಬನ ದನಿ ಎಂದಾಗುತ್ತಿತ್ತು. ‘ನೀವು’ ಇಟ್ಟುಕೊಂಡೇ ಬೈಸಿದೆ. ಮರ್ಯಾದೆಯ ರೂಪದಲ್ಲಿ ಬಂದ ಬೈಗುಳ ಇನ್ನೂ ಅಸಹ್ಯವಾಗಿ ಕೇಳಿಸಿತು, ಅದು ನಾನು ಎಣಿಸದೆ ಸಿಕ್ಕ ಲಾಭ.

ಕೊನೆಯ ದೃಶ್ಯ ಆರಂಭವಾಗುವುದು ಆ ಗಾಜಿನ ಮನೆಯಲ್ಲೇ. ಸೆಕೆಗೆ ಮುಖಗಳು ಬೆವರಿವೆ, ಗಾಜಿಗೆ ಹಬೆ ಕಟ್ಟಿದೆ. ಮೈಲ್ಸ್ ನಗುತ್ತಿರುವಾಗ ಹಿಂದಿನ ಗಾಜಿನಲ್ಲಿ ಕ್ವಿಂಟ್‌ನ ಮುಖವೂ ನಗುತ್ತದೆ. ಹುಡುಗ ಫ್ಲೋರಾಳ ಆಮೆಯನ್ನು ಎತ್ತಿ ಗಾಜಿಗೆ ಎಸೆದು ಒಡೆದು, ಕತ್ತಲಲ್ಲಿ ತೋಟಕ್ಕೆ ಓಡುತ್ತಾನೆ. ಸುತ್ತ ವಿಗ್ರಹಗಳು ನಿಂತಿರುವ ಬಯಲಿನಲ್ಲಿ ಅವಳು ಅವನನ್ನು ಹಿಡಿದು ಹೆಸರು ಕೇಳುತ್ತಾಳೆ. ಅವನು ಕೂಗಿ, ‘ಎಲ್ಲಿ’ ಎನ್ನುತ್ತ ಸುತ್ತ ಹುಡುಕುವಾಗ, ಕ್ಯಾಮೆರಾ ಒಮ್ಮೆಲೇ ಎತ್ತರಕ್ಕೆ ಹೋಗುತ್ತದೆ: ಮುಂದೆ ದೊಡ್ಡದಾಗಿ ಕ್ವಿಂಟ್‌ನ ಚಾಚಿದ ಕೈ, ಕೆಳಗೆ ಪುಟ್ಟದಾಗಿ ಅವರಿಬ್ಬರು. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಈ ಅಗಲ ಪರದೆಯ ಅಂಚುಗಳನ್ನು ಬಣ್ಣ ಬಳಿದ ಫಿಲ್ಟರುಗಳಿಂದ ಕಪ್ಪಾಗಿಸಿ, ಉದ್ದಕ್ಕೂ ನಮ್ಮ ನೋಟವನ್ನು ಅವಳ ನೋಟದಷ್ಟೇ ಕಿರಿದಾಗಿ ಇಟ್ಟಿದ್ದರು. ಇಲ್ಲಿ ಮಾತ್ರ ನಾವು ನಿಂತಿರುವ ಜಾಗ ಅವಳದ್ದಲ್ಲ, ಅದು ಕ್ವಿಂಟ್‌ನ ಬೆನ್ನ ಹಿಂದೆ. ನನ್ನ ಮೊದಲ ಕಾಲಂ ಇಲ್ಲಿ ಮುರಿದುಬಿತ್ತು. ಇದಕ್ಕೆ ಉತ್ತರ ಕಂಡುಕೊಳ್ಳಲು ಬಹಳ ದಿನ ಒದ್ದಾಡಿ ಕೊನೆಗೆ ಕೈಬಿಟ್ಟೆ. ದೆವ್ವ ಇದೆಯೇ ಎಂಬುದಕ್ಕೆ ಆ ಒಂದು ನೋಟ ಹೌದೆನ್ನುತ್ತಿರಬಹುದು. ಆದರೆ ಹುಡುಗನಿಗೆ ಅದು ಕಂಡಿತೇ ಎಂಬುದು ಬೇರೆ ಪ್ರಶ್ನೆ. ಕಂಡವನು ‘ಎಲ್ಲಿ’ ಎಂದು ಕೇಳುವುದಿಲ್ಲ. ಇಷ್ಟು ವರ್ಷ ಜನ ಒಂದೇ ಎಂದುಕೊಂಡಿದ್ದ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ ಮೇಲೆ ನನ್ನ ದಾರಿ ಸ್ವಲ್ಪ ತೆರೆಯಿತು: ದೆವ್ವ ಇದ್ದರೂ ಇರದಿದ್ದರೂ, ಆ ಮಗು ಅದನ್ನು ನೋಡದೆಯೇ ಸತ್ತಿತು.

ಆದ್ದರಿಂದ ಎರಡನೆಯ ಕರಡಿನಲ್ಲಿ ಕ್ರಿಯಾಪದವನ್ನೇ ಕಿತ್ತುಹಾಕಿದೆ. ‘ಕ್ವಿಂಟ್! ಪೀಟರ್ ಕ್ವಿಂಟ್! ಎಲ್ಲಿ? ಪಿಶಾಚಿ, ಎಲ್ಲಿ?’ ಕನ್ನಡದಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುತ್ತದೆ ಎಂಬುದನ್ನು ನಾನೇ ಮರೆತಿದ್ದೆ. ‘ದೆವ್ವ’ ಎಂಬ ಪದವನ್ನು ಬಿಟ್ಟದ್ದಕ್ಕೂ ಕಾರಣವಿದೆ. ದೆವ್ವ ಎಂದು ಬದುಕಿರುವವರನ್ನು ಬೈಯುವುದು ನಮ್ಮಲ್ಲಿ ಅಪರೂಪ. ಪಿಶಾಚಿ ಎಂದು ಸತ್ತವರನ್ನೂ ಕರೆಯುತ್ತೇವೆ, ಕಾಟ ಕೊಡುವ ಬದುಕಿರುವವರನ್ನೂ ಬೈಯುತ್ತೇವೆ. ಆ ಪದ ಈಗ ಇಬ್ಬರಲ್ಲಿ ಯಾರ ಮೇಲೆ ಬೇಕಾದರೂ ಬೀಳಬಹುದು.

ಇದಾದ ಮೇಲೂ ಅವಳ ಕೊನೆಯ ಮಾತು ಉಳಿದಿತ್ತು. ಬಿದ್ದ ಹುಡುಗನನ್ನು ತಬ್ಬಿಕೊಂಡು, ನೀನೀಗ ಬಿಡುಗಡೆಯಾದೆ, ಅವನು ನಿನ್ನನ್ನು ಕಳೆದುಕೊಂಡ, ಈಗ ನೀನು ನನ್ನ ಬಳಿ ಇದ್ದೀಯ ಎಂಬರ್ಥದಲ್ಲಿ ಅವಳು ಸಂತೈಸುತ್ತಾಳೆ; ಸತ್ತಿದ್ದಾನೆಂದು ಇನ್ನೂ ತಿಳಿದಿಲ್ಲ. ‘ನೀನು ನನ್ನವನು’ ಎಂದು ಬರೆದು ನೋಡಿದೆ, ಅದು ಪ್ರೇಮಚಿತ್ರದ ಸಾಲಾಯಿತು. ‘ನಾನಿದ್ದೇನೆ’ ಎಂದೆ, ಅದು ತಾಯಿಯ ಮಾತಾಯಿತು. ಬಿಡಿಸಿದ್ದು ನಮ್ಮ ಕೂಟದ ಹಿರಿಯರೊಬ್ಬರು. ಮೊದಲ ಪ್ರದರ್ಶನವನ್ನು ನೆನೆದು ಅವರು, ‘ಇದು ನಮ್ಮೂರ ಕಡೆ ದೆವ್ವ ಬಿಡಿಸೋ ರೀತಿಯೇ ಅಲ್ವ? ಬೇವಿನ ಸೊಪ್ಪಲ್ಲಿ ಹೊಡೀತಾ, ಯಾರು ನೀನು ಹೇಳು, ಹೆಸರು ಹೇಳು ಅಂತ ಕೇಳ್ತಾರೆ. ಹೆಸರು ಹೇಳಿದ್ರೆ ಬಿಡ್ತು ಅಂತ ಲೆಕ್ಕ. ಪೆಟ್ಟು ಮಾತ್ರ ತಿನ್ನೋದು ಹಿಡಿಸ್ಕೊಂಡವರು’ ಎಂದರು. ಹಿಡಿಯುವುದು, ಬಿಡುವುದು. ದೆವ್ವ ಹಿಡಿಯುತ್ತದೆ, ದೆವ್ವ ಬಿಡುತ್ತದೆ. ನಮ್ಮ ಭಾಷೆಯಲ್ಲಿ ಈ ವ್ಯವಹಾರಕ್ಕೆ ಇರುವುದೇ ಈ ಎರಡು ಪದ. ಅಂದು ರಾತ್ರಿ ಅವಳ ಸಾಲನ್ನು ಹೀಗೆ ಬರೆದೆ: ‘ಅವನು ನಿನ್ನನ್ನು ಬಿಟ್ಟ. ನಾನು ನಿನ್ನನ್ನು ಹಿಡಿದಿದ್ದೇನೆ.’

ಇದು ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತೆಂದು ಮೇಷ್ಟ್ರು ಆಕ್ಷೇಪಿಸಿದರು. ಒಂದು ಕಡೆ ತೀರ್ಪನ್ನು ತೆಗೆದು ಇನ್ನೊಂದು ಕಡೆ ಸೇರಿಸಿದ್ದೀರಿ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೂ ಸಾಲನ್ನು ಬದಲಿಸಲಿಲ್ಲ. ಓದುವವರಲ್ಲಿ ಅರ್ಧ ಮಂದಿ ಅದನ್ನು ಬರೀ ಅಪ್ಪುಗೆ ಎಂದೇ ಓದುತ್ತಾರೆ ಎಂಬ ಭರವಸೆ ನನಗಿತ್ತು. ಎರಡನೆಯ ಸಲ ತೋರಿಸಿದಾಗ ಹಾಗೆಯೇ ಆಯಿತು. ಅವಳು ಹುಡುಗನ ತುಟಿಗೆ ಮುತ್ತಿಡುವಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು, ಇನ್ನೊಬ್ಬರು ‘ಅಯ್ಯೋ, ಬಿಡೇ ಅವನ್ನ’ ಎಂದು ಗಟ್ಟಿಯಾಗಿಯೇ ಪರದೆಗೆ ಹೇಳಿದರು. ಕೊನೆಯ ಬಸ್ಸಿಗೆ ಹೊರಟ ಅವರಿಬ್ಬರ ಜಗಳ ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.