ಕರಾವಳಿಯ ಅಂಗಳದಲ್ಲಿ ಹಿಪ್ಪುನೇರಳೆ: ಗೆಲ್ಲು ಸವರಿದಷ್ಟೂ ಹಣ್ಣು

ಕಪ್ಪು ಹಣ್ಣಿನ ಆಸೆಗೆ ಮುಳ್ಳಿಲ್ಲದ ಬ್ಲ್ಯಾಕ್‌ಬೆರಿ ನೆಟ್ಟರೆ ಅದು ಮಂಗಳೂರಿನಲ್ಲಿ ಬದುಕಬಹುದು, ಆದರೆ ಹಣ್ಣು ಬಿಡುವುದು ಕಷ್ಟ. ಅದರ ಹೆಚ್ಚಿನ ತಳಿಗಳು ಹೂ ಬಿಡಬೇಕಾದರೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ನಮ್ಮಲ್ಲಿ ಡಿಸೆಂಬರಿನ ರಾತ್ರಿಯೂ 20ರ ಆಸುಪಾಸು. ಹಾಗಾಗಿ ನಾನು ಬೆಳೆಸುವುದು ಹಿಪ್ಪುನೇರಳೆ. ಮುಳ್ಳಿಲ್ಲ, ಹಣ್ಣು ಅಷ್ಟೇ ಕಪ್ಪು, ಚಳಿಯ ಹಂಗಿಲ್ಲ.

ರೇಷ್ಮೆ ತೋಟದ ತಳಿಗಳನ್ನು ಆರಿಸಿರುವುದು ಸೊಪ್ಪಿಗಾಗಿ. ಆದ್ದರಿಂದ ಚೆನ್ನಾಗಿ ಹಣ್ಣು ಬಿಡುವ ಗಿಡದಿಂದಲೇ ಕಡ್ಡಿ ತರಬೇಕು. ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ ಗೆಲ್ಲು (ಕೊಂಬೆ), ಒಂದು ಗೇಣು ಉದ್ದ, ಚಿಗುರೊಡೆಯುವ ಮೂರು ನಾಲ್ಕು ಕಣ್ಣು. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿಟ್ಟರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಎರಡು ಕಣ್ಣು ಮಣ್ಣೊಳಗೆ ಇರಲಿ. ಮೊದಲ ಚಿಗುರು ಬರುವುದು ಕಡ್ಡಿಯೊಳಗಿನ ಸತ್ವದಿಂದ, ಬೇರು ಆಮೇಲೆ. ಚಿಗುರು ಕಂಡಿತೆಂದು ಕಿತ್ತು ಬೇರೆಡೆ ನೆಟ್ಟರೆ ಸಾಯುತ್ತದೆ. ಎರಡು ತಿಂಗಳು ನೆರಳಲ್ಲೇ ಬಿಡಿ.

ನಮ್ಮ ಮುರಮಣ್ಣು ಹುಳಿ. ಒಂದೂವರೆ ಅಡಿ ಗುಂಡಿಯ ಮಣ್ಣಿಗೆ ಒಂದು ಹಿಡಿ ಚಿಪ್ಪಿನ ಸುಣ್ಣ ಬೆರೆಸಿ, ಎರಡು ವಾರ ಕಳೆದ ಮೇಲೆ ಹಟ್ಟಿಗೊಬ್ಬರ, ಸುಡುಮಣ್ಣು (ತರಗೆಲೆಯೊಂದಿಗೆ ಸುಟ್ಟ ಮಣ್ಣು) ಸೇರಿಸುತ್ತೇನೆ. ಸುಣ್ಣ, ಗೊಬ್ಬರ ಒಟ್ಟಿಗೆ ಬಿದ್ದರೆ ಸಾರಜನಕ ಆವಿಯಾಗಿ ಹೋಗುತ್ತದೆ. ಮಳೆನೀರು ನಿಲ್ಲದಂತೆ ಬುಡಕ್ಕೆ ಅರ್ಧ ಅಡಿ ಮಣ್ಣು ಏರಿಸಬೇಕು.

ಹಣ್ಣಿನ ಗುಟ್ಟೆಲ್ಲ ಗೆಲ್ಲು ಸವರುವುದರಲ್ಲಿ, ಅಂದರೆ ಕತ್ತರಿಸುವುದರಲ್ಲಿದೆ. ಬಲಿತ ಗೆಲ್ಲಿನಿಂದ ಒಡೆಯುವ ಹೊಸ ಚಿಗುರಿನ ಎಲೆಕಂಕುಳಲ್ಲೇ ಕಾಯಿ ಕಟ್ಟುವುದು. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಪ್ರತಿ ಗೆಲ್ಲಿನ ತುದಿಯ ಮೂರನೇ ಒಂದು ಭಾಗ ಕತ್ತರಿಸಿ, ಉಳಿದ ಎಲೆಗಳನ್ನೂ ಒಂದೂ ಬಿಡದೆ ಕೀಳುತ್ತೇನೆ. ಎಲೆ ಉಳಿದ ಕಡೆ ಕಣ್ಣು ಏಳುವುದು ಕಡಿಮೆ. ಬುಡಕ್ಕೆ ಗೊಬ್ಬರ, ತರಗೆಲೆ ಹೊದಿಕೆ, ನೀರು. ಎರಡು ತಿಂಗಳ ಹೊತ್ತಿಗೆ ಹಣ್ಣು. ಫೆಬ್ರವರಿಯಲ್ಲಿ ಇನ್ನೊಮ್ಮೆ ಸವರಿದರೆ ಏಪ್ರಿಲ್‌ಗೆ ಎರಡನೇ ಫಸಲು. ಇದಕ್ಕಿಂತ ತಡ ಮಾಡಬಾರದು. ಪತ್ತನಾಜೆ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ಆಚರಣೆಯ ದಿನ) ದಾಟಿ ಮಳೆ ಹಿಡಿದರೆ ಹಣ್ಣು ನೀರು ಕುಡಿದು, ಬೂಸ್ಟು ಬಂದು ಉದುರುತ್ತದೆ.

ತುದಿಯ ಎಲೆ ಗಾಢ ಹಸಿರಾಗಿ, ಮುದುಡಿ ಗಂಟು ಕಟ್ಟಿದರೆ ಅದು ತುಕ್ರ ಎಂಬ ರೋಗ. ಬಿಡಿಸಿ ನೋಡಿದರೆ ಒಳಗೆ ಬಿಳಿ ಹಿಟ್ಟಿನಂಥ ತಿಗಣೆ ಇರುತ್ತದೆ. ಆ ತುದಿಯನ್ನು ಚಿವುಟಿ ಸುಟ್ಟುಬಿಡಿ, ಉಳಿದುದಕ್ಕೆ ಸಾಬೂನು ನೀರು ಸಿಂಪಡಿಸಿ. ಇರುವೆಯ ಸಾಲು ಕಂಡರೆ ಅದನ್ನೂ ತಡೆಯಬೇಕು, ತಿಗಣೆಯನ್ನು ಕಾಯುವುದು ಇರುವೆಗಳೇ.

ಕೆಂಪು ಹಣ್ಣು ಹುಳಿ. ಪೂರ್ತಿ ಕಪ್ಪಾಗಿ, ಬೆರಳು ತಾಗಿದರೆ ಕಳಚುವಾಗಲೇ ಕೊಯ್ಯಬೇಕು. ಅಷ್ಟು ದಿನ ಪಿಕಳಾರ ಹಕ್ಕಿ ಕಾಯುವುದಿಲ್ಲ, ಹಳೆಯ ಸೊಳ್ಳೆಪರದೆ ಹೊದಿಸಿ. ಫ್ರಿಜ್ಜಿನಲ್ಲಿ ಎರಡು ದಿನ ತಡೆಯುತ್ತದೆ. ತೊಳೆಯುವುದು ತಿನ್ನುವಾಗ ಮಾತ್ರ.